ಹಳೇ ಕಾರಿನ ಕಟಕಟ ಸದ್ದು

ಈ ಮಳೆಗಾಲ ಪೂರ್ತಿ ನಮ್ಮ 2004ರ ಟರ್ಬೊ ಕಾರು ಮುಂದಿನ ಎಡಗಡೆಯಿಂದ ಕಟ್ ಕಟ್ ಅನ್ನುತ್ತಿತ್ತು. ಪುಣೆಯ ಸಿಂಹಗಡ ರೋಡಿನ ಹಂಪ್ ಇಳಿದಾಗ ಜಾಸ್ತಿ. ಕಾತ್ರಜ್ ಘಾಟಿನ ತಿರುವಿನಲ್ಲಂತೂ ಸ್ಟೇರಿಂಗ್ ಸಡಿಲ ಅನ್ನಿಸುತ್ತಿತ್ತು. ಮೊದಲು ಹೋದ ಗ್ಯಾರೇಜಿನವರು ಕೆಳಗೆ ಬಗ್ಗಿಯೂ ನೋಡದೆ ನಾಲ್ಕೂ ಶಾಕ್ ಅಬ್ಸಾರ್ಬರ್ ಬದಲಿಸಿ ಅಂದರು. ಸುಮ್ನೆ ವಾಪಸ್ ಬಂದೆ.

ಆಮೇಲೆ ಹಡಪ್ಸರ್‌ನಲ್ಲಿ ನಮ್ಮ ಧಾರವಾಡ ಕಡೆಯ ಒಬ್ಬ ಮೆಕ್ಯಾನಿಕ್ ಸಿಕ್ಕರು. ಗಾಡಿ ಎತ್ತಿ, ಚಕ್ರವನ್ನು ಗಾಡಿಯ ಚೌಕಟ್ಟಿಗೆ ಜೋಡಿಸುವ ಲೋವರ್ ಆರ್ಮ್ ಸಂದಿಗೆ ಕಬ್ಬಿಣದ ರಾಡ್ ಹಾಕಿ ಮೀಟಿದರು. "ಶಾಕ್‌ನಾಗ ಒಂದ್ ಹನಿ ಎಣ್ಣಿ ಸೋರಿಲ್ರೀ, ಬುಷ್ ಹೋಗ್ಯಾವ ನೋಡ್ರಿ" ಅಂದರು. ಬುಷ್ ಅಂದರೆ ಆ ಆರ್ಮ್‌ನ ಕೀಲಿನಲ್ಲಿ ಕೂರುವ ರಬ್ಬರ್ ಬಳೆ. ಅದರ ರಬ್ಬರ್ ಒಣಗಿದ ಕೆರೆಯ ತಳದ ಹಾಗೆ ಬಿರುಕು ಬಿಟ್ಟಿತ್ತು, ಉಗುರು ತಾಗಿದರೆ ಪುಡಿ. ತಿರುವಿನಲ್ಲಿ ಗಾಡಿ ವಾಲದಂತೆ ತಡೆಯುವ ಸರಳಿಗೆ ಜೋಡಿಸಿರುವ ಲಿಂಕ್ ರಾಡ್ ಬೆರಳಲ್ಲೇ ಅಲ್ಲಾಡುತ್ತಿತ್ತು.

ಎರಡೂ ಕಡೆ ಹೊಸದು ಹಾಕಿಸಿದೆ. ಬುಷ್ ಬೋಲ್ಟನ್ನು ಅವರು ಪೂರ್ತಿ ಬಿಗಿದಿದ್ದು ಚಕ್ರದ ಮೇಲೆ ಗಾಡಿಯ ಭಾರ ಬಿದ್ದ ಮೇಲೆ. ಚಕ್ರ ನೇತಾಡುವಾಗಲೇ ಬಿಗಿದರೆ ಇಳಿಸಿದ ಕೂಡಲೇ ರಬ್ಬರ್ ತಿರುಚಿಕೊಂಡು ಹಾಗೇ ಉಳಿಯುತ್ತದೆ, ಬೇಗ ಹರಿಯುತ್ತದೆ. ಇಷ್ಟು ಸಣ್ಣ ವಿಷಯಕ್ಕೆ ತಾಳ್ಮೆ ಇಟ್ಟುಕೊಳ್ಳುವವರು ಸಿಗುವುದೇ ಪುಣ್ಯ, ಅಲ್ವಾ? ಕೊನೆಗೆ ವೀಲ್ ಅಲೈನ್‌ಮೆಂಟ್.

ದಿನಾ ಕೇಳುವ ಸದ್ದಿಗೆ ಕಿವಿ ಒಗ್ಗಿಬಿಡುತ್ತದೆ. ಅಪ್ಪನ ಮಂಡಿನೋವಿನ ವಿಷಯದಲ್ಲೂ ನಾವು ಹೀಗೇ ಮಾಡಿದ್ದೆವು, ಅದು ನೆನಪಾಗಿ ಗಂಟಲು ಕಟ್ಟಿತು.

ನಿನ್ನೆ ರಾತ್ರಿ ಕಾತ್ರಜ್ ಹತ್ತಿ ಇಳಿದೆ. ಹಂಪ್ ಮೇಲೆ ಮೆತ್ತಗೆ ಒಂದೇ ಧಪ್, ಮತ್ತೆ ಟರ್ಬೊದ ಉಸಿರು ಮಾತ್ರ. ದೀಪಾವಳಿಗೆ ಊರಿಗೆ ಇದರಲ್ಲೇ ಹೋಗುತ್ತೇವೆ.