ಚಾಟ್ಸ್‌ವರ್ತ್‌ಗೆ ಹೋಗುವುದಾದರೆ ಬರಗಾಲದ ಬೇಸಿಗೆಯಲ್ಲಿ ಹೋಗಿ

ಇಂಗ್ಲೆಂಡಿನ ಡರ್ಬಿಶೈರ್‌ನ ಚಾಟ್ಸ್‌ವರ್ತ್ ಎಸ್ಟೇಟ್, ಅಂದರೆ ಡೆವನ್‌ಶೈರ್ ಡ್ಯೂಕರ ಮನೆತನದ ಅರಮನೆ, ತೋಟ, ಪಾರ್ಕು ನೋಡುವ ಆಸೆ ಇದ್ದವರು ಮಳೆ ಕೈಕೊಟ್ಟ ಬೇಸಿಗೆಗೆ ಕಾಯಿರಿ. ಹುಲ್ಲು ಹಚ್ಚಹಸಿರಾಗಿರುವ ವರ್ಷ ಅಲ್ಲಿನ ಅತ್ಯುತ್ತಮ ನೋಟವೇ ಕಾಣಿಸದು.

ಅರಮನೆಯ ದಕ್ಷಿಣದ ಹುಲ್ಲುಹಾಸಿನಲ್ಲಿ 1699ರಲ್ಲಿ ಸುರುಳಿ ಸುರುಳಿಯಾಗಿ ಹೂಮಡಿ, ಕಾಲುದಾರಿ ಮಾಡಿಸಿದ್ದರು. 1730ರ ದಶಕದಲ್ಲಿ ಅದರ ಮೇಲೆಯೇ ಹುಲ್ಲು ಬೆಳೆಸಿಬಿಟ್ಟರು. 2018ರ ಬಿಸಿಲಿಗೆ ಆ ಹಳೆಯ ತೋಟದ ನಕ್ಷೆ ಮತ್ತೆ ಎದ್ದು ಬಂತು. ನಾವು ಹೋದದ್ದು ಆಗಲೇ. ಬಗ್ಗಿ ಮುಟ್ಟಿ ನೋಡಿದೆ: ಒಂದು ಕಡೆ ಹುಲ್ಲು ಕೈಗೆ ಚುಚ್ಚುವಷ್ಟು ಒಣಗಿತ್ತು, ಗೇಣು ದೂರದಲ್ಲಿ ಇನ್ನೂ ಮೆತ್ತಗಿತ್ತು. ಬೇರಿಗೆ ಆಳ ಸಿಗದ ಕಡೆ ಹುಲ್ಲು ಮೊದಲು ಸುಡುತ್ತದೆ, ಅಷ್ಟೇ ಗುಟ್ಟು. ಆದರೆ ನೆಲದ ಮೇಲೆ ನಿಂತವರಿಗೆ ಕಾಣುವುದು ಬರೀ ಕಂದು ಮಚ್ಚೆ. ಟಿಕೆಟ್ ದುಬಾರಿಯಾದರೂ ಕೊಂಡು ಅರಮನೆಯ ಮೇಲಿನ ಅಂತಸ್ತಿಗೆ ಹತ್ತಿ, ದಕ್ಷಿಣದ ಕಿಟಕಿಯಿಂದ ನೋಡಿ. ರಂಗೋಲಿ ಹಾಕಿದ ಹಾಗೆ ಪೂರ್ತಿ ವಿನ್ಯಾಸ ಕಾಣುತ್ತದೆ. ನನಗಂತೂ ಕಣ್ಣು ತುಂಬಿ ಬಂತು.

ತೋಟದ ಪೊದೆಗಳ ಚಕ್ರವ್ಯೂಹದಲ್ಲಿ ಮಕ್ಕಳ ಗದ್ದಲ ವಿಪರೀತ, ನನಗೆ ಸಹಿಸಲಾಗಲಿಲ್ಲ. ಆದರೂ ಸುತ್ತಲಿನ ಕಲ್ಲಿನ ತಳಪಾಯ ಗಮನಿಸಿ: ಇಲ್ಲಿನ ಮುಖ್ಯ ತೋಟಗಾರನಾಗಿದ್ದ ಜೋಸೆಫ್ ಪ್ಯಾಕ್ಸ್‌ಟನ್ ಕಟ್ಟಿಸಿದ ಭಾರೀ ಗಾಜಿನ ಮನೆ ಇದ್ದದ್ದು ಅಲ್ಲೇ. ಮೊದಲ ಮಹಾಯುದ್ಧದ ಕಾಲದಲ್ಲಿ ಒಳಗನ್ನು ಬೆಚ್ಚಗಿಡಲು ಕಲ್ಲಿದ್ದಲು ಸಿಗದೆ ಗಿಡಗಳು ಸತ್ತವು, 1920ರಲ್ಲಿ ಕೆಡವಿದರು.

ಹೊರಗಿನ ಪಾರ್ಕಿಗೆ ಟಿಕೆಟ್ ಬೇಡ. ಸಂಜೆಯ ಓರೆ ಬಿಸಿಲಿನಲ್ಲಿ ನಡೆಯಿರಿ. ಕುರಿ ಮೇಯುವ ಇಳಿಜಾರಿನಲ್ಲಿ ಮಧ್ಯಯುಗದ ರೈತರು ಉತ್ತ ಬೋದು, ಸಾಲು ನೆರಳಾಗಿ ಎದ್ದು ಕಾಣುತ್ತವೆ. ನಡುಹಗಲಲ್ಲಿ ಹೋದರೆ ಅದು ಬರೀ ಗುಡ್ಡ.

ಉಳಿಯಲು ಹತ್ತಿರದ ಪುಟ್ಟ ಪಟ್ಟಣ ಬೇಕ್‌ವೆಲ್‌ನಲ್ಲಿ ರೂಮು ಹಿಡಿಯಬೇಡಿ. ನಮಗೆ ಸಿಕ್ಕಿದ್ದು ಪಬ್ಬಿನ ಮೇಲಿನ ಗೂಡು. ಕಿಟಕಿ ತೆರೆಯುತ್ತಿರಲಿಲ್ಲ, ಫ್ಯಾನಿಲ್ಲ, ತಿಂಡಿಗೆ ಬೇರೆ ದುಡ್ಡು. ಶೆಫೀಲ್ಡ್ ನಗರದಲ್ಲಿ ಅದೇ ಹಣಕ್ಕೆ ಎರಡು ರಾತ್ರಿ ಕಳೆಯಬಹುದು. ಊಟಕ್ಕೆ ಮಾತ್ರ ಬೇಕ್‌ವೆಲ್ಲೇ ಸರಿ. ಒಂದು ಓಣಿಯ ಪುಟ್ಟ ಅಂಗಡಿಯಲ್ಲಿ ಕಾಗದದ ಪೊಟ್ಟಣಕ್ಕೆ ದಪ್ಪ ದಪ್ಪ ಬಿಸಿ ಚಿಪ್ಸ್ (ಉದ್ದುದ್ದ ಹೆಚ್ಚಿ ಕರಿದ ಆಲೂಗಡ್ಡೆ), ಮೇಲೆ ಉಪ್ಪು, ಕೈತುಂಬ ವಿನೆಗರ್, ಜೊತೆಗೆ ಬೇಯಿಸಿ ಅರೆದ ಹಸಿರು ಬಟಾಣಿ. ಸಸ್ಯಾಹಾರಿಗಳು ಕೇಳಿಕೊಳ್ಳಿ, ಕೆಲವು ಅಂಗಡಿಗಳಲ್ಲಿ ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ಇಲ್ಲಿ ಎಣ್ಣೆ ಎಂದು ಅಂಗಡಿಯ ಅಜ್ಜಿಯೇ ಡಬ್ಬ ತೋರಿಸಿದರು. ಇಬ್ಬರಿಗೆ ಒಂದು ಪೊಟ್ಟಣ ಧಾರಾಳ ಸಾಕು. ಹೊಳೆಯ ದಂಡೆಯ ಬೆಂಚಿನಲ್ಲಿ ತಿನ್ನಿ, ಬಾತುಕೋಳಿಗಳಿಂದ ಪೊಟ್ಟಣ ಕಾಪಾಡಿಕೊಳ್ಳಿ. ಶೆಫೀಲ್ಡ್‌ಗೆ ಕೊನೆಯ ಬಸ್ಸಿನ ಹೊತ್ತನ್ನು ಬೆಳಿಗ್ಗೆಯೇ ನೋಡಿಟ್ಟುಕೊಳ್ಳಿ.