ಅನ್ನ ಉಣ್ಣುವ ಊರಲ್ಲಿ ಗೋಧಿ ಬಿಡುವುದು

ಡಾಕ್ಟರು "ಇನ್ನು ಗೋಧಿ ಮುಟ್ಟಬೇಡಿ" ಅಂದರೆ ಕಾಸರಗೋಡಿನ ಮನೆಯಲ್ಲಿ ಬರುವ ಮೊದಲ ಉತ್ತರ, "ಅಷ್ಟೆಯಾ? ನಾವು ಹೇಗೂ ಕುಚ್ಚಲಕ್ಕಿ ಉಣ್ಣುವವರಲ್ಲವಾ?" ಎಡವಟ್ಟು ಶುರುವಾಗುವುದು ಅಲ್ಲಿಂದಲೇ. ಚಪಾತಿ, ಪೊರೋಟ, ಬ್ರೆಡ್ಡು ಬಿಡುವುದಕ್ಕೆ ಒಂದು ವಾರ ಸಾಕು. ಒಗ್ಗರಣೆಯ ಇಂಗಿನಲ್ಲಿ, ಹುಡಿ ಮಾಡಿಸುವ ಮಿಲ್ಲಿನಲ್ಲಿ, ಕಾವಲಿಯ ಮೈಯಲ್ಲಿ ಅಡಗಿ ಕೂತ ಗೋಧಿಯನ್ನು ಪತ್ತೆಹಚ್ಚುವುದಕ್ಕೆ ಕೆಲವರಿಗೆ ವರ್ಷವೇ ಹಿಡಿಯುತ್ತದೆ.

ಇಲ್ಲಿ ಹೇಳುತ್ತಿರುವುದು ಸೀಲಿಯಾಕ್ ಕಾಯಿಲೆ ಇರುವವರಿಗೆ. ತೂಕ ಇಳಿಸಲು ಗೋಧಿ ಬಿಟ್ಟವರಿಗೆ ಇಷ್ಟೆಲ್ಲ ಬೇಡ. ಗೋಧಿ, ಬಾರ್ಲಿ (ನಮ್ಮ ಜವೆಗೋಧಿ), ರೈ ಈ ಮೂರು ಧಾನ್ಯಗಳಲ್ಲಿರುವ ಅಂಟಿನಂಥ ಪ್ರೋಟೀನೇ ಗ್ಲುಟೆನ್. ಸೀಲಿಯಾಕ್ ಇರುವವರು ಅದನ್ನು ತಿಂದರೆ ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಸಣ್ಣಕರುಳಿನ ಒಳಪದರದ ಮೇಲೆ ಎರಗುತ್ತದೆ. ಅಲ್ಲಿ ಮಕಮಲ್ಲಿನ ಎಳೆಗಳಂತೆ ನಿಂತಿರಬೇಕಾದ ವಿಲ್ಲೈಗಳು ಸವೆದು ಚಪ್ಪಟೆಯಾಗುತ್ತವೆ. ಕಬ್ಬಿಣ, ಕ್ಯಾಲ್ಸಿಯಂ, ಫೋಲೇಟ್ ಒಳಗೆ ಹೋಗುವ ದಾರಿಯೇ ಮುಚ್ಚುತ್ತದೆ. ಹೊಟ್ಟೆನೋವು, ಭೇದಿ ಇರಲೇಬೇಕೆಂದಿಲ್ಲ. ಎಷ್ಟು ಮಾತ್ರೆ ನುಂಗಿದರೂ ಏರದ ಹಿಮೋಗ್ಲೋಬಿನ್ ಒಂದೇ ಲಕ್ಷಣವಾಗಿರುವವರೂ ಇದ್ದಾರೆ.

ನಮ್ಮ ಕಡೆ ಈ ಹೆಸರು ಅಪರೂಪ ಯಾಕೆಂದರೆ ಕಾಯಿಲೆಯೇ ಅಪರೂಪ. ದೇಶದ ಬೇರೆಬೇರೆ ಭಾಗಗಳ ವಯಸ್ಕರ ರಕ್ತ ಪರೀಕ್ಷಿಸಿ 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಕಾಯಿಲೆಯ ಪ್ರತಿಕಾಯಗಳು ಉತ್ತರ ಭಾರತದಲ್ಲಿ ಶೇಕಡಾ 1.23 ಮಂದಿಯಲ್ಲಿ ಕಂಡರೆ ದಕ್ಷಿಣದಲ್ಲಿ 0.10. ಅಕ್ಕಿ ತಿನ್ನುವ ನಾಡಾದ್ದರಿಂದ ಇನ್ನೊಂದು ತೊಡಕೂ ಇದೆ. ಈ ಪ್ರತಿಕಾಯಗಳನ್ನು ಅಳೆಯುವ ಟಿಟಿಜಿ-ಐಜಿಎ ರಕ್ತಪರೀಕ್ಷೆಯಾಗಲಿ, ಎಂಡೋಸ್ಕೋಪಿಯಲ್ಲಿ ಕರುಳಿನ ಚೂರು ತೆಗೆದು ನೋಡುವುದಾಗಲಿ, ಗೋಧಿ ತಿನ್ನುತ್ತಿರುವವರಲ್ಲಿ ಮಾತ್ರ ಸರಿಯಾದ ಉತ್ತರ ಕೊಡುತ್ತವೆ. ಇಲ್ಲಿ ಎಷ್ಟೋ ಮಂದಿ ತಿನ್ನುವುದೇ ವಾರಕ್ಕೊಂದು ಚಪಾತಿ. ಸಂಶಯ ಬಂದ ಕೂಡಲೇ ಅದನ್ನೂ ಬಿಟ್ಟು, ತಿಂಗಳ ನಂತರ ಮಂಗಳೂರಿಗೋ ದೇರಳಕಟ್ಟೆಗೋ ಹೋಗಿ ರಕ್ತ ಕೊಟ್ಟರೆ ಫಲಿತಾಂಶ "ಏನಿಲ್ಲ" ಎಂದು ಬಂದೀತು. ಪರೀಕ್ಷೆ ಮುಗಿಯುವ ತನಕ ಗೋಧಿ ಬಿಡಬೇಡಿ. ಬಿಟ್ಟಾಗಿದ್ದರೆ ವೈದ್ಯರು ಸಾಮಾನ್ಯವಾಗಿ 6ರಿಂದ 8 ವಾರ ಪ್ರತಿದಿನ ಗೋಧಿ ತಿನ್ನಿಸಿ ಆಮೇಲೆ ಪರೀಕ್ಷೆ ಮಾಡಿಸುತ್ತಾರೆ. ಅದು ಅವರು ನಿರ್ಧರಿಸಬೇಕಾದ್ದು, ನೀವೇ ಮಾಡಿಕೊಳ್ಳುವ ಪ್ರಯೋಗವಲ್ಲ.

"ಒಂದು ಚಿಟಿಕೆಯಿಂದ ಏನಾಗುತ್ತದೆ?" ಎಂಬ ಮಾತಿಗೆ ಲೆಕ್ಕದಲ್ಲೇ ಉತ್ತರ ಕೊಡಬಹುದು. ದಿನಕ್ಕೆ 10 ಮಿಲಿಗ್ರಾಂ ಒಳಗಿನ ಗ್ಲುಟೆನ್ ಹೆಚ್ಚಿನವರ ಕರುಳಿಗೆ ಹಾನಿ ಮಾಡುವುದಿಲ್ಲ. 50 ಮಿಲಿಗ್ರಾಂ ದಿನವೂ ಹೋದರೆ ತಿಂಗಳುಗಳಲ್ಲಿ ಹಾನಿ ಕಾಣಿಸಿಕೊಳ್ಳುತ್ತದೆ. ಒಂದು ಗ್ರಾಂ ಮೈದಾದಲ್ಲಿ ಸುಮಾರು 80 ಮಿಲಿಗ್ರಾಂ ಗ್ಲುಟೆನ್ ಇರುತ್ತದೆ. ಅಂದರೆ ಉಗುರಿನ ತುದಿಯಲ್ಲಿ ನಿಲ್ಲುವಷ್ಟು ಮೈದಾ ದಿನದ ಮಿತಿಗೆ ಸಮ. ಇನ್ನು, ಇದು ಕ್ರಿಮಿಯಲ್ಲ, ಪ್ರೋಟೀನು. ಕುದಿಸಿದರೆ, ಕರಿದರೆ, ಕಾವಲಿಯನ್ನು ಚೆನ್ನಾಗಿ ಕಾಯಿಸಿದರೆ ಸಾಯುವಂಥದ್ದಲ್ಲ. "ಬೆಂಕಿಯಲ್ಲಿ ಎಲ್ಲ ಹೋಗುತ್ತದೆ" ಎಂದು ಅಜ್ಜಿಯಂದಿರು ಹೇಳುವುದು ಬೇರೆ ಎಷ್ಟೋ ವಿಷಯಕ್ಕೆ ಸರಿ, ಇದಕ್ಕಲ್ಲ.

ಮೊದಲ ಕಳ್ಳ ಇಂಗು. ಶುದ್ಧ ಇಂಗು ಗಿಡದ ಬೇರಿನಿಂದ ಒಸರುವ ಅಂಟು. ಅದರ ವಾಸನೆ ಎಷ್ಟು ಗಾಢವೆಂದರೆ ಹಾಗೇ ಬಳಸುವುದು ಕಷ್ಟ. ಹಾಗಾಗಿ ಅಂಗಡಿಗೆ ಬರುವುದು ಹಿಟ್ಟು ಮತ್ತು ಗೋಂದು ಬೆರೆಸಿದ ಕೂಟು ಇಂಗು, ಹಿಟ್ಟೆಂದರೆ ಹೆಚ್ಚಾಗಿ ಗೋಧಿಯದ್ದೇ. ಡಬ್ಬಿಯ ಹುಡಿ ಇಂಗಿನಲ್ಲಿ ಮಾತ್ರ ಬೆರಕೆ, ಗಟ್ಟಿ ಇಂಗು ಶುದ್ಧ ಎಂದು ನಂಬಿದವರು ಬಹಳ. ಕಪ್ಪು ಗಟ್ಟಿಯ ಪೊಟ್ಟಣವನ್ನೂ ತಿರುಗಿಸಿ ಓದಿ, ಅದರಲ್ಲೂ ಗೋಧಿ ಹಿಟ್ಟು ಬರೆದಿರುವುದುಂಟು. ಸಾರು, ಒಗ್ಗರಣೆ ಮಜ್ಜಿಗೆ, ಉಪ್ಪಿನಕಾಯಿ, ಅಂಗಡಿಯ ಸಾಂಬಾರು ಹುಡಿ, ಚಕ್ಕುಲಿ ಎಲ್ಲದಕ್ಕೂ ಇಂಗು ಹೋಗುತ್ತದೆ, ಅದೂ ದಿನವೂ. ಎರಡೇ ದಾರಿ: ಅಕ್ಕಿಹಿಟ್ಟಿನಲ್ಲಿ ಮಾಡಿ ಗ್ಲುಟೆನ್-ಮುಕ್ತ ಎಂದು ಬರೆದ ಇಂಗು ಹುಡುಕಿ ತರುವುದು, ಇಲ್ಲವೇ ಇಂಗನ್ನೇ ಬಿಡುವುದು. ಬೆಳ್ಳುಳ್ಳಿ ತಿನ್ನುವ ಮನೆಯಲ್ಲಿ ಎರಡು ಎಸಳು ಜಜ್ಜಿ ಹಾಕಿದರೆ ಸಾರು ಸೋಲುವುದಿಲ್ಲ. ತಿನ್ನದ ಮನೆಯಲ್ಲಿ ಜೀರಿಗೆ, ಕರಿಬೇವಿನೆಸಳು ಸ್ವಲ್ಪ ಜಾಸ್ತಿ ಹಾಕಿ ಸುಧಾರಿಸಬೇಕು.

ಎರಡನೆಯದು ಹೋಟೆಲಿನ ಸಜ್ಜಿಗೆ-ಬಜಿಲ್. ಬಜಿಲ್ ಅಂದರೆ ಅವಲಕ್ಕಿ, ಅದಕ್ಕೆ ದೋಷವಿಲ್ಲ. ಸಜ್ಜಿಗೆ ಗೋಧಿ ರವೆಯದ್ದು. "ನನಗೆ ಬಜಿಲ್ ಮಾತ್ರ ಕೊಡಿ" ಎಂದರೆ ಸಾಲದು. ಎರಡು ಪಾತ್ರೆ ಅಕ್ಕಪಕ್ಕ, ಸಟ್ಟುಗ ಒಂದೇ. ಬಜಿಲಿನ ಅಂಚಿನಲ್ಲಿ ನೋಡಿದರೆ ರವೆಯ ಕಾಳು ಬಿಳಿಬಿಳಿಯಾಗಿ ಅಂಟಿಕೊಂಡಿರುವುದು ಕಣ್ಣಿಗೇ ಕಾಣುತ್ತದೆ. ಮಸಾಲೆ ದೋಸೆಯ ಕತೆಯೂ ಹಾಗೇ, ಹಿಟ್ಟಿನಲ್ಲಿ ಗೋಧಿ ಇಲ್ಲದಿದ್ದರೂ ಅದೇ ಕಾವಲಿಯ ಮೇಲೆ ಐದು ನಿಮಿಷ ಮೊದಲು ರವೆ ದೋಸೆ ಹೊಯ್ದಿರುತ್ತಾರೆ. ಕಾಯಿಬಾಳೆ ಚಿಪ್ಸ್ ಬಾಳೆಕಾಯಿ, ಎಣ್ಣೆ, ಉಪ್ಪು ಅಷ್ಟೇ. ಆದರೆ ಅದೇ ಬಾಣಲೆಯಲ್ಲಿ ಮೈದಾದಲ್ಲಿ ಅದ್ದಿದ ಪಳಂಪೊರಿ ಕರಿದಿದ್ದರೆ ಆ ಎಣ್ಣೆ ನಿಮಗಲ್ಲ. ಮೀನು ತಿನ್ನುವವರು ರವಾ ಫ್ರೈ ಬೇಡ, ತವಾ ಫ್ರೈ ಕೊಡಿ ಎಂದು ಕೇಳುವಾಗಲೂ ತವಾ ಯಾವುದೆಂದು ವಿಚಾರಿಸಬೇಕು.

ಕೇಳುವುದಕ್ಕೂ ಒಂದು ಕ್ರಮವಿದೆ. ಉಪ್ಪಳದಿಂದ ಮುಳ್ಳೇರಿಯದ ವರೆಗೆ ಯಾವ ಹೋಟೆಲಿನಲ್ಲೂ "ಗ್ಲುಟೆನ್ ಉಂಟಾ?" ಎಂದು ಕೇಳಬೇಡಿ. ಅದೇನೋ ಮಸಾಲೆ ಇರಬೇಕೆಂದುಕೊಂಡು "ಇಲ್ಲ" ಎನ್ನುತ್ತಾರೆ. ಗೋಧಿ, ಮೈದಾ, ರವೆ ಎಂದು ಮೂರು ಹೆಸರನ್ನೂ ಬಿಡಿಸಿ ಕೇಳಿ, ಯಾಕೆಂದರೆ ಮೈದಾ ಗೋಧಿಯದ್ದೇ ಎಂಬುದು ಬಡಿಸುವ ಹುಡುಗನಿಗೆ ಹೊಳೆಯದೆ ಹೋಗಬಹುದು. ಮಲಯಾಳದಲ್ಲಾದರೆ, "ಇದಿಲ್ ಗೋದಂಬೋ ಮೈದಯೋ ರವಯೋ ಚೇರ್ತಿಟ್ಟುಂಡೋ?" ತರಾತುರಿಯ ಹೋಟೆಲುಗಳಲ್ಲಿ ಅಪ್ಪಂ ಹಿಟ್ಟಿಗೆ, ಮಸಾಲೆ ಪದಾರ್ಥ ದಪ್ಪವಾಗಲು ಗ್ರೇವಿಗೆ ಮೈದಾ ಸೇರಿಸುವುದುಂಟು. ಮಧೂರು ದೇವಸ್ಥಾನದ ಅಪ್ಪವಿರಲಿ, ಮನೆಯಲ್ಲಿ ಗಣಹೋಮಕ್ಕೆ ಮಾಡಿದ ಅಪ್ಪವಿರಲಿ, ಅಕ್ಕಿಯದ್ದು ಮಾತ್ರವೋ ಗೋಧಿ ಹಿಟ್ಟು ಬಿದ್ದಿದೆಯೋ ಎಂದು ಮಾಡಿದವರಲ್ಲೇ ವಿಚಾರಿಸಿ. ಪ್ರಸಾದ ಕಣ್ಣಿಗೊತ್ತಿಕೊಂಡು ಮನೆಯವರಿಗೆ ಕೊಟ್ಟರೆ ದೇವರೇನೂ ಮುನಿಯುವುದಿಲ್ಲ.

ಈಗ ಮನೆ. ಉಳಿದವರು ಚಪಾತಿ ತಿನ್ನುವವರಾದರೆ ಮರದ ಮಣೆ, ಲಟ್ಟಣಿಗೆ, ಜರಡಿ, ಎಣ್ಣೆ ಹೀರಿ ಕಪ್ಪಾದ ಕಬ್ಬಿಣದ ಕಾವಲಿ ಈ ನಾಲ್ಕು ಪ್ರತ್ಯೇಕವಾಗಿರಲೇಬೇಕು, ಎಷ್ಟು ತೊಳೆದರೂ ಇವುಗಳ ಸಂದಿಯಿಂದ ಹಿಟ್ಟು ಪೂರ್ತಿ ಹೋಗುವುದಿಲ್ಲ. ಸ್ಟೀಲು, ಗಾಜು ಸೋಪು ಹಾಕಿ ತೊಳೆದರೆ ಸಾಕು. ತೊಳೆಯುವ ಸ್ಪಂಜು ಮಾತ್ರ ಬೇರೆ ಇಡಿ. ಚಪಾತಿ ಹಿಟ್ಟು ಕಲಸುವಾಗ ಏಳುವ ಧೂಳು ಹತ್ತಿರದಲ್ಲಿ ತೆರೆದಿಟ್ಟ ಪಾತ್ರೆಗಳ ಮೇಲೆಲ್ಲ ಕೂರುತ್ತದೆ, ಹಾಗಾಗಿ ಗ್ಲುಟೆನ್ ಇಲ್ಲದ ಅಡುಗೆ ಮೊದಲು ಮುಗಿಸಿ ಮುಚ್ಚಿಟ್ಟು, ಆಮೇಲೆ ಚಪಾತಿಗೆ ಕೈ ಹಾಕುವುದು ಒಳ್ಳೆಯದು. ನಿಜ ಹೇಳಬೇಕೆಂದರೆ, ಎರಡು ಒಲೆ ಎರಡು ಮಣೆ ಎಂದು ಒದ್ದಾಡುವುದಕ್ಕಿಂತ ಇಡೀ ಮನೆ ರಾತ್ರಿಗೆ ಗಂಜಿಗೆ ಮರಳುವುದು ಸುಲಭ.

ಹುಡಿ ಮಾಡಿಸುವ ಮಿಲ್ಲಿಗೆ ಅಕ್ಕಿ ಕೊಂಡುಹೋಗಬೇಡಿ. ನಿಮಗಿಂತ ಮೊದಲಿನವರು ಗೋಧಿ ಹಾಕಿದ್ದರೆ ಅದರ ಹಿಟ್ಟು ಕಲ್ಲಿನಲ್ಲೂ ಕೊಳವೆಯಲ್ಲೂ ಉಳಿದಿರುತ್ತದೆ. ಮೊದಲ ಒಂದು ಕಿಲೋ ಬೇರೆ ತೆಗೆದಿಟ್ಟರೂ ಉಳಿದದ್ದು ಶುದ್ಧವೆಂಬ ಖಾತ್ರಿ ಇಲ್ಲ. ಅದೃಷ್ಟಕ್ಕೆ ನಮ್ಮ ತಿಂಡಿಗಳಲ್ಲಿ ಹೆಚ್ಚಿನವಕ್ಕೆ ಒಣಹಿಟ್ಟೇ ಬೇಡ. ನೀರುದೋಸೆ, ತೆಳ್ಳವು, ಉಂಡೆ, ಒತ್ತುಶ್ಯಾವಿಗೆ, ಕೊಟ್ಟಿಗೆ, ಪತ್ರೊಡೆ, ಸೌತೆಕಾಯಿ ದೋಸೆ, ಹಲಸಿನಕಾಯಿ ದೋಸೆ ಎಲ್ಲವೂ ನೆನೆಸಿ ಅರೆದವು. ಅಂಗಡಿಯ ದುಬಾರಿ ಗ್ಲುಟೆನ್-ಮುಕ್ತ ಬ್ರೆಡ್ಡಿಗೆ ದುಡ್ಡು ಸುರಿಯುವ ಮೊದಲು ಈ ಪಟ್ಟಿಯನ್ನು ಇನ್ನೊಮ್ಮೆ ಓದಿ.

ಚಪಾತಿಯ ಜಾಗಕ್ಕೆ ಏನಾದರೂ ಬೇಕೇ ಬೇಕೆಂದರೆ ಪತ್ತಿರಿಯ ಹಾಗೆ ಉಕ್ಕರಿಸಿದ ಹಿಟ್ಟಿನ ರೊಟ್ಟಿ. ಬೆಳ್ತಿಗೆ ಅಕ್ಕಿ ಮೂರು ಗಂಟೆ ನೆನೆಸಿ, ನೀರು ಬಸಿದು, ಬಟ್ಟೆಯ ಮೇಲೆ ಅರ್ಧ ಗಂಟೆ ಹರವಿ, ಮಿಕ್ಸಿಯಲ್ಲಿ ಹುಡಿ ಮಾಡಿ, ನಯವಾದ ಜರಡಿ ಹಿಡಿಯಿರಿ. ಬಣ್ಣ ತಿರುಗದಂತೆ ಸಣ್ಣ ಉರಿಯಲ್ಲಿ ಹುರಿದು ತೇವ ಆರಿಸಿ. ಒಂದು ಲೋಟ ಹಿಟ್ಟಿಗೆ ಒಂದೂಕಾಲು ಲೋಟ ನೀರು, ಅರ್ಧ ಚಮಚ ಉಪ್ಪು, ಒಂದು ಚಮಚ ತೆಂಗಿನೆಣ್ಣೆ. ನೀರು ಗಳಗಳ ಕುದಿಯುವಾಗ ಹಿಟ್ಟನ್ನು ಒಮ್ಮೆಗೇ ಸುರಿದು, ಒಂದು ನಿಮಿಷ ತಿರುವಿ, ಒಲೆ ಆರಿಸಿ ಹತ್ತು ನಿಮಿಷ ಮುಚ್ಚಿಡಿ. ಕೈ ತಾಳುವಷ್ಟು ಬಿಸಿ ಇರುವಾಗಲೇ ಒದ್ದೆ ಕೈಯಲ್ಲಿ ಐದು ನಿಮಿಷ ನಾದಬೇಕು. ಗೋಧಿಯಲ್ಲಿ ಹಿಟ್ಟನ್ನು ಹಿಡಿದಿಡುವುದು ಗ್ಲುಟೆನ್. ಇಲ್ಲಿ ಆ ಕೆಲಸ ಬಿಸಿನೀರಿನಲ್ಲಿ ಉಬ್ಬಿ ಅಂಟಾದ ಅಕ್ಕಿಯ ಪಿಷ್ಟದ್ದು. ನೀರು ಕುದಿಯುವ ಮೊದಲೇ ಹಿಟ್ಟು ಹಾಕಿದರೆ ಪಿಷ್ಟ ಅರಳದೆ ರೊಟ್ಟಿಯ ಅಂಚು ಸೀಳುತ್ತದೆ. ತಣ್ಣಗಾದ ಮೇಲೆ ನಾದಿದರೂ ಅದೇ ಪಾಡು. ಮಣೆಗೆ ಅಂಟಿದರೆ ನೀರು ಹೆಚ್ಚಾಗಿದೆ ಎಂದರ್ಥ, ಒಂದು ಮುಷ್ಟಿ ಹಿಟ್ಟು ಸೇರಿಸಿ ನಾದಿ. ಲಟ್ಟಿಸುವಾಗ ಉದುರಿಸಲು ಕೈ ಅಭ್ಯಾಸದಿಂದ ಮೈದಾ ಡಬ್ಬಿಗೆ ಹೋಗದಂತೆ ನೋಡಿಕೊಳ್ಳಿ!

ಗೋಳಿಬಜೆ, ಬನ್ಸ್ ಇವುಗಳ ಆಸೆ ಬಿಡುವುದು ಲೇಸು. ಸೋಡಾದಿಂದ ಏಳುವ ಗಾಳಿಯನ್ನು ಬಲೆಯಂತೆ ಹಿಡಿದು ಅವನ್ನು ಉಬ್ಬಿಸುವುದು ಮೈದಾದ ಗ್ಲುಟೆನ್ನೇ. ಅಕ್ಕಿಹಿಟ್ಟಿನಲ್ಲಿ ಮಾಡಿದರೆ ಗೋಲಿ ಆಡಬಹುದಾದ ಗೋಳಿಬಜೆ ಬರುತ್ತದೆ. ಬದಲಿಗೆ ಉದ್ದಿನ ಅಂಬಡೆ, ಹಲಸಿನ ಹಣ್ಣಿನ ಮುಳ್ಕ ಇದ್ದೇ ಇವೆ. ಸಜ್ಜಿಗೆಗೆ ಮಾತ್ರ ಒಳ್ಳೆಯ ಬದಲಿ ಇದೆ: ಮನೆಯಲ್ಲೇ ಒಡೆದ ಅಕ್ಕಿ ತರಿ, ಒಂದಕ್ಕೆ ಎರಡೂವರೆ ನೀರು, ಸಣ್ಣ ಉರಿಯಲ್ಲಿ ಮುಚ್ಚಿ ಬೇಯಿಸುವುದು.

ಪೊಟ್ಟಣದ ವಿಷಯಕ್ಕೆ ಬಂದರೆ, ಭಾರತದ ನಿಯಮದ ಪ್ರಕಾರ ಗ್ಲುಟೆನ್-ಮುಕ್ತ ಎಂದು ಬರೆಯಬೇಕಾದರೆ ಕಿಲೋಗೆ 20 ಮಿಲಿಗ್ರಾಂಗಿಂತ ಕಡಿಮೆ ಇರಬೇಕು. ಕಡಿಮೆ ಗ್ಲುಟೆನ್ ಎಂಬುದು 20ರಿಂದ 100ರ ವರೆಗಿನದ್ದು, ಸೀಲಿಯಾಕಿನವರಿಗೆ ಅಲ್ಲ. ಮಾಲ್ಟ್ ಎಂದಿದ್ದರೆ ಸಾಮಾನ್ಯವಾಗಿ ಬಾರ್ಲಿ. ಹಾರ್ಲಿಕ್ಸ್, ಬೂಸ್ಟ್ ಆದ್ದರಿಂದಲೇ ಹೊರಗೆ. ಮಾಲ್ಟೋಡೆಕ್ಸ್ಟ್ರಿನ್ ಹೆಸರು ನೋಡಿ ಹೆದರುವವರಿದ್ದಾರೆ, ಅದು ಬೇರೆ ವಸ್ತು, ತೊಂದರೆ ಇಲ್ಲ. ಸೋಯಾ ಸಾಸಿನಲ್ಲಿ ಹೆಚ್ಚಾಗಿ ಗೋಧಿ ಇರುತ್ತದೆ. ಓಟ್ಸ್ ಗೋಧಿಯ ಜೊತೆಗೇ ಬೆಳೆದು, ಸಾಗಿ, ಸಂಸ್ಕರಣೆಯಾಗುವುದರಿಂದ ಪ್ರತ್ಯೇಕ ಮುದ್ರೆ ಇಲ್ಲದಿದ್ದರೆ ಬೇಡ. ಖಪಲಿ ಗೋಧಿ, ಸಾವಯವ ಗೋಧಿ, "ಹಳೇ ತಳಿ" ಎಂದೆಲ್ಲ ಮಾರುವುದೂ ಗೋಧಿಯೇ.

ಮಕ್ಕಳಿರುವ ಮನೆಗೆ ಎರಡು ಎಚ್ಚರಿಕೆ. ಅಂಗನವಾಡಿಯಿಂದ 6 ತಿಂಗಳಿಂದ 3 ವರ್ಷದ ಮಕ್ಕಳಿಗೆ ಸಿಗುವ ಅಮೃತಂ ಪೊಡಿಯಲ್ಲಿ ಗೋಧಿ ಇದೆ. ರೋಗ ಖಚಿತವಾದ ಮಗುವಿಗೆ ಅದರ ಬದಲು ರಾಗಿ ಮಣ್ಣಿ ಮಾಡಿ. ರಾಗಿಯನ್ನು ಕಾಳಾಗಿಯೇ ತಂದು, ತೊಳೆದು, ಅರೆದು, ಹಾಲು ಹಿಂಡಿ. ಇನ್ನೊಂದು, ಕೆಮ್ಮಿಗೆ ಮನೆಮನೆಯಲ್ಲಿರುವ ಅಗಸ್ತ್ಯ ರಸಾಯನ. ಅದರ ಕಷಾಯಕ್ಕೆ ದಶಮೂಲದ ಜೊತೆ ಯವ, ಅಂದರೆ ಬಾರ್ಲಿ, ಬೀಳುತ್ತದೆ. ವೈದ್ಯರಿಗೆ ಕಾಯಿಲೆಯ ಹೆಸರು ಹೇಳಿ ಬೇರೆ ಕೇಳಿ.

ಗೋಧಿ ಬಿಟ್ಟು ಬರೀ ಬೆಳ್ತಿಗೆ ಅನ್ನಕ್ಕೆ ಬಿದ್ದರೆ ಮಲಬದ್ಧತೆ ಗ್ಯಾರಂಟಿ. ಕುಚ್ಚಲಕ್ಕಿ, ಹುರುಳಿ, ಹೆಸರು, ಬಸಳೆ, ತಜಂಕ್ ಸೊಪ್ಪು ದಿನದ ಲೆಕ್ಕಕ್ಕೆ ಬರಲಿ. ಕರುಳು ಮಾಗುವ ತನಕ ಕೆಲವರಿಗೆ ಹಾಲೂ ಒಗ್ಗುವುದಿಲ್ಲ, ಕೆಲವು ತಿಂಗಳಲ್ಲಿ ಹೆಚ್ಚಾಗಿ ಸರಿಹೋಗುತ್ತದೆ. ಟಿಟಿಜಿ ಅಂಕಿ ಇಳಿಯುತ್ತಿದೆಯೇ ಎಂದು 6 ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ನೋಡಿಸಿ. ಇಳಿಯದಿದ್ದರೆ ಮತ್ತೆ ಇಂಗಿನ ಡಬ್ಬಿಯಿಂದ ಹುಡುಕಾಟ ಶುರು.

ಮದುವೆ ಊಟಕ್ಕೆ ಹೋಗುವ ಮುಂಚಿನ ದಿನವೇ ಅಡುಗೆ ಭಟ್ಟರಿಗೆ ಒಂದು ಫೋನು ಮಾಡಿ. ಮೂರೇ ಪ್ರಶ್ನೆ: ಸಾರಿಗೆ ಯಾವ ಇಂಗು, ಪಾಯಸ ಹೆಸರುಬೇಳೆಯದ್ದೋ ಗೋಧಿಕಡಿಯದ್ದೋ, ಹಪ್ಪಳ ಕರಿದ ಎಣ್ಣೆಯಲ್ಲಿ ಬೇರೇನು ಕರಿಯುತ್ತೀರಿ? ಮೊದಲ ಹಂತಿಗೇ ಕೂತುಕೊಳ್ಳಿ, ಸೌಟುಗಳು ಅದಲುಬದಲಾಗುವ ಮೊದಲು. ಅನ್ನ, ತೊವ್ವೆ, ಒಗ್ಗರಣೆಯಲ್ಲಿ ಇಂಗಿಲ್ಲದ ಮೇಲಾರ ಸಿಕ್ಕರೆ ಊಟ ಆಯಿತೆಂದೇ ಲೆಕ್ಕ. ಮನೆಯಿಂದ ಡಬ್ಬಿಯಲ್ಲಿ ಎರಡು ಗೆಣಸಲೆ ಕೊಂಡುಹೋಗಿ ಎಲೆಯ ತುದಿಗೆ ಹಾಕಿಕೊಂಡಿರಿ. ಹೋಳಿಗೆ ಬರುವಾಗ ಸಿಹಿ ಇದ್ದ ಎಲೆಯನ್ನು ಕಂಡರೆ "ಎಂತ, ಒಂದಾದರೂ ಹಾಕಿಸಿಕೊಳ್ಳಿ" ಎಂಬ ಒತ್ತಾಯ ಅರ್ಧ ಕಡಿಮೆಯಾಗುತ್ತದೆ. ಅಷ್ಟಾಗಿಯೂ ಬಡಿಸುವ ಸುದರಿಕೆಯವರು ಪ್ರೀತಿಯಿಂದ ಅನ್ನದ ಮೇಲೇ ಹೋಳಿಗೆ ಹಾಕಿಬಿಟ್ಟರೆ, ಹೋಳಿಗೆಯನ್ನು ಬದಿಗೆ ಸರಿಸಿ ಉಣ್ಣಬೇಡಿ. ಇನ್ನೊಂದು ಎಲೆ ಕೇಳಿ.