ಮೂರು ಎಣಿಸುವಷ್ಟು ಹೊತ್ತು

ಎರಡನೇ ವರ್ಷದ ಪ್ರಾಜೆಕ್ಟ್ ಗುಂಪಿನಲ್ಲಿ ನಾವು ಐದು ಜನ ಇದ್ದೆವು. ಮೂವರು ಇದೇ ದೇಶದಲ್ಲಿ ಹುಟ್ಟಿ ಬೆಳೆದವರು. ಇನ್ನಿಬ್ಬರು, ಒಬ್ಬ ಹುಡುಗ, ಒಬ್ಬ ಹುಡುಗಿ, ಬೇರೆ ದೇಶದಿಂದ ವಲಸೆ ಬಂದ ಮನೆಯವರು. ಮೊದಲ ತಿಂಗಳೆಲ್ಲ ಮಾತಾಡಿದ್ದು ನಾವು ಮೂವರೇ, ಅದರಲ್ಲೂ ಜಾಸ್ತಿ ನಾನು. ಅವರಿಬ್ಬರು ತಲೆಯಾಡಿಸುತ್ತಿದ್ದರು, ಬರೆದುಕೊಳ್ಳುತ್ತಿದ್ದರು, ಎದ್ದು ಹೋಗುತ್ತಿದ್ದರು. ಇವರಿಗೆ ಆಸಕ್ತಿ ಇಲ್ಲ ಬಿಡು ಅಂತ ನಾವೇ ತೀರ್ಪು ಕೊಟ್ಟುಬಿಟ್ಟೆವು.

ಮೊದಲ ವಾರದಲ್ಲೇ ಒಂದು ಸಣ್ಣ ಎಡವಟ್ಟಾಗಿತ್ತು. ಹೊರಡುವಾಗ ಆ ಹುಡುಗಿಗೆ "ಒಂದಿನ ಸಿಗೋಣ" ಅಂದೆ. ಅವಳು ಡೈರಿ ತೆಗೆದು "ಯಾವತ್ತು?" ಎಂದು ಕೇಳಿದಳು. ನಾನು ತಡಬಡಾಯಿಸಿದೆ. ಅವಳು ಡೈರಿ ಮುಚ್ಚಿದಳು. ಆಮೇಲೆ ಎಷ್ಟೋ ದಿನ ನನ್ನನ್ನು ನಂಬಲಿಲ್ಲ. ತಪ್ಪೇನಿತ್ತು ಹೇಳಿ, ಸುಳ್ಳು ಹೇಳಿದ್ದು ನಾನೇ ಅಲ್ವಾ?

ಹುಡುಗನ ಜೊತೆಗಿನ ತಕರಾರು ಬೇರೆ ಥರದ್ದು. ಏನು ಹೇಳಿದರೂ ಅವನು "ಹೂಂ" ಅನ್ನುತ್ತಿದ್ದ. ನಾವು ಅದನ್ನು ಒಪ್ಪಿಗೆ ಅಂದುಕೊಂಡೆವು. ಅವನ ಲೆಕ್ಕದಲ್ಲಿ ಅದು ಬರೀ "ಕೇಳಿಸಿತು". ಕೊಟ್ಟ ದಿನಕ್ಕೆ ಕೆಲಸ ಬರಲಿಲ್ಲ, ಜಗಳವಾಯಿತು.

ಒಂದು ಸಂಜೆ ಲೈಬ್ರರಿಯಲ್ಲಿ ನಾನು ಅವಳನ್ನು ನೇರವಾಗಿ ಕೇಳಿದೆ: "ನೀನು ಯಾಕೆ ಏನೂ ಹೇಳೋದೇ ಇಲ್ಲ?"

"ನೀನು ಉಸಿರು ತೆಗೆದುಕೊಳ್ಳೋದೇ ಇಲ್ವಲ್ಲ, ನಾನು ಯಾವಾಗ ಹೇಳಲಿ?"

ಆಮೇಲೆ ಬಿಡಿಸಿ ಹೇಳಿದಳು. ನಮ್ಮ ಭಾಷೆಯಲ್ಲಿ ಕೇಳಬೇಕು, ತಲೆಯಲ್ಲಿ ತಿರುವಿ ಹಾಕಬೇಕು, ಪದ ಹುಡುಕಬೇಕು, ಜೋಡಿಸಬೇಕು. ಬಾಯಿ ತೆರೆಯುವಷ್ಟರಲ್ಲಿ ನಾವು ಎರಡು ವಿಷಯ ದಾಟಿರುತ್ತೇವೆ. ಅದರ ಮೇಲೆ, ಎದುರಿನವರ ಮಾತು ಪೂರ್ತಿ ನಿಲ್ಲುವ ಮೊದಲೇ ಬಾಯಿ ಹಾಕುವುದು ಅವಳ ಮನೆಯಲ್ಲಿ ಒರಟುತನ. ನಮ್ಮಲ್ಲಿ ಅದೇ ಉತ್ಸಾಹ. ಮುಂದೆ ಓದಿದೆ: 2009ರಲ್ಲಿ ಹತ್ತು ಭಾಷೆಗಳ ಮಾತುಕತೆ ಅಳೆದವರಿಗೆ, ಪ್ರಶ್ನೆಗೂ ಉತ್ತರಕ್ಕೂ ನಡುವೆ ಸರಾಸರಿ ಸೆಕೆಂಡಿನ ಐದನೇ ಒಂದು ಭಾಗದಷ್ಟು ಅಂತರ ಸಿಕ್ಕಿತಂತೆ. ಅದೂ ಅವರವರ ತಾಯ್ನುಡಿಯಲ್ಲಿ. ಕಲಿತ ಭಾಷೆಯಲ್ಲಿ ಆ ಸಂದಿಯೊಳಗೆ ತೂರುವುದು ಸುಮ್ನೆ ಮಾತಲ್ಲ.

ನಮ್ಮ ಜಗಳದ ಸುದ್ದಿ ಮೇಡಂ ಕಿವಿಗೆ ಬಿತ್ತು. ಅವರು ಬೈಯಲಿಲ್ಲ, ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿಯ ವಿಷಯ ಹೇಳಿದರು. ಶಿಕ್ಷಕರು ಪ್ರಶ್ನೆ ಕೇಳಿ ಸುಮಾರು ಒಂದೇ ಸೆಕೆಂಡ್ ಕಾಯುತ್ತಾರೆ ಎಂದು 1970ರ ದಶಕದಲ್ಲಿ ಆಕೆ ತೋರಿಸಿದ್ದರು. ಮೂರು ಸೆಕೆಂಡಿಗೆ ಏರಿಸಿದರೆ ಉತ್ತರ ಉದ್ದವಾಗುತ್ತದೆ, ಸುಮ್ಮನಿರುವವರೂ ಬಾಯಿ ಬಿಡುತ್ತಾರೆ. "ನೀನೂ ಮೂರು ಎಣಿಸು" ಎಂದರು ಮೇಡಂ, ನನ್ನನ್ನೇ ನೋಡಿ.

ಮೇಜಿನ ಕೆಳಗೆ ಬೆರಳು ಮಡಚಿ ಎಣಿಸಿದೆ. ಮೂರು ಸೆಕೆಂಡ್ ಅಷ್ಟು ಉದ್ದ ಅಂತ ನನಗೆ ಗೊತ್ತೇ ಇರಲಿಲ್ಲ! ನಾಲಿಗೆ ಕಚ್ಚಿಕೊಂಡು ಕೂತೆ. ಎರಡನೇ ಬೆರಳಿಗೇ ಅವಳು ಶುರು ಮಾಡಿದಳು. ಒಂದು ತಿಂಗಳು ನಾವು ಹೊತ್ತು ತಿರುಗಿದ ಅಂಕಿಪಟ್ಟಿಯಲ್ಲಿ ತಪ್ಪಿತ್ತು. ಅವಳಿಗೆ ಎರಡನೇ ವಾರದಲ್ಲೇ ಅದು ಕಂಡಿತ್ತು.

ಮೇಡಂ ಇನ್ನೊಂದು ಉಪಾಯವನ್ನೂ ಮಾಡಿದರು. ವಿಷಯವನ್ನು ಐದು ತುಂಡು ಮಾಡಿ ಒಬ್ಬೊಬ್ಬರಿಗೆ ಒಂದೊಂದು ಕೊಟ್ಟರು. ಒಬ್ಬರದು ಇನ್ನೊಬ್ಬರ ಹತ್ತಿರ ಇಲ್ಲ, ಕೇಳದೆ ಗತಿಯಿಲ್ಲ. 1971ರಲ್ಲಿ ಟೆಕ್ಸಾಸಿನ ಆಸ್ಟಿನ್‌ನಲ್ಲಿ, ಬೇರೆ ಬೇರೆ ಜನಾಂಗದ ಮಕ್ಕಳು ಒಂದೇ ತರಗತಿಗೆ ಬಂದು ತಿಕ್ಕಾಟ ಶುರುವಾದಾಗ, ಎಲಿಯಟ್ ಆರನ್ಸನ್ ಎಂಬ ಮನಶ್ಶಾಸ್ತ್ರಜ್ಞ ಹೂಡಿದ ಉಪಾಯ ಅದು. ನಮಗೂ ಕೆಲಸ ಮಾಡಿತು, ಆದರೆ ಪೂರ್ತಿ ಅಲ್ಲ. ಆ ಹುಡುಗನಿಗೂ ನನಗೂ ಕೊನೆಗೂ ಸ್ನೇಹವಾಗಲಿಲ್ಲ. ನಮ್ಮ ಜೋಕುಗಳಿಗೆ ಅವನು ನಕ್ಕಿದ್ದು ನೆನಪಿಲ್ಲ, ಅವನ ಜೋಕು ಏನು ಅಂತ ನಾನು ಕೇಳಿದ್ದೂ ಇಲ್ಲ.

ಕೊನೆಯ ಪರೀಕ್ಷೆ ಮುಗಿದ ದಿನ ಗೇಟಿನ ಹತ್ತಿರ ಅವಳು ಸಿಕ್ಕಳು. ಬಸ್ಸಿಗೆ ಹೊತ್ತಾಗಿತ್ತು. ಹೊರಟವಳು ತಿರುಗಿ "ಒಂದಿನ ಸಿಗೋಣ" ಅಂದಳು.

ನಾನು ಫೋನ್ ತೆಗೆದು "ಯಾವತ್ತು?" ಅಂತ ಕೇಳಿದೆ.

"ಅಯ್ಯೋ, ಸುಮ್ನೆ ಹೇಳಿದ್ದಪ್ಪಾ!" ಅಂತ ನಗುತ್ತಾ ಬಸ್ ಹತ್ತಿದಳು.